ಹಿಮನಾಡಿನ ಸೈನಿಕನಿಗೆ ಮೊದಲ ಶತ್ರು ಚಳಿ

ಡಿಸೆಂಬರ್ ತಿಂಗಳಲ್ಲಿ ಬೆಳಗಿನ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ಸಾಕು, ನಮ್ಮ ಊರುಗಳಲ್ಲಿ ಸ್ವೆಟರ್, ಮಫ್ಲರ್, ಮಂಕಿ ಕ್ಯಾಪ್‌ಗಳು ಪೆಟ್ಟಿಗೆಯಿಂದ ಹೊರಬರುತ್ತವೆ. ಇದಕ್ಕಿಂತಲೂ 55 ಡಿಗ್ರಿ ಕೆಳಗೆ, ಅಂದರೆ ಸೊನ್ನೆಗಿಂತ 40 ಡಿಗ್ರಿ ಕಡಿಮೆ ಇರುವ ಬಯಲಿನಲ್ಲಿ ಒಬ್ಬ ಯುವಕ ನಡೆಯಬೇಕು, ಉಣ್ಣಬೇಕು, ಮಲಗಬೇಕು, ಕಾವಲು ಕಾಯಬೇಕು ಎಂದರೆ ಅವನ ದೇಹದ ಗತಿ ಏನು? ಮೈನಸ್ 40 ಎಂಬುದು ವಿಚಿತ್ರ ಅಂಕಿ. ಸೆಲ್ಸಿಯಸ್ ಮತ್ತು ಫ್ಯಾರನ್‌ಹೀಟ್ ಥರ್ಮಾಮೀಟರುಗಳೆರಡೂ ಒಂದೇ ಸಂಖ್ಯೆಯನ್ನು ತೋರಿಸುವುದು ಆ ಒಂದು ಬಿಂದುವಿನಲ್ಲಿ ಮಾತ್ರ. ಅಲಾಸ್ಕಾದ ಒಳನಾಡಿನಲ್ಲಿ ಚಳಿಗಾಲದಲ್ಲಿ ಅದು ಅಪರೂಪದ ಸಂಗತಿಯಲ್ಲ.

ಉತ್ತರ ಧ್ರುವದ ಸುತ್ತಲಿನ ಆರ್ಕ್ಟಿಕ್ ಪ್ರದೇಶದ ಮೇಲೆ ಈಗ ಹಲವು ದೇಶಗಳ ಸೇನೆಗಳ ಕಣ್ಣು ಬಿದ್ದಿದೆ. ಬೇಸಿಗೆಯಲ್ಲಿ ಸಮುದ್ರದ ಮಂಜುಗಡ್ಡೆ ಹಿಂದಿಗಿಂತ ಹೆಚ್ಚು ಕರಗಿ ಹಡಗುಗಳಿಗೆ ಹೊಸ ದಾರಿಗಳು ತೆರೆದುಕೊಳ್ಳುತ್ತಿವೆ. ರಷ್ಯಾ ತನ್ನ ಉತ್ತರ ತೀರದಲ್ಲಿ ಸೋವಿಯತ್ ಕಾಲದ ನೆಲೆಗಳಿಗೆ ಮತ್ತೆ ಜೀವ ಕೊಟ್ಟಿದೆ. ಅಮೆರಿಕ 2022ರ ಜೂನ್‌ನಲ್ಲಿ ಅಲಾಸ್ಕಾದಲ್ಲಿದ್ದ ತನ್ನ ಪಡೆಗಳನ್ನು 11ನೇ ಏರ್‌ಬೋರ್ನ್ ಡಿವಿಷನ್ ಎಂಬ ಹೆಸರಿನಡಿ ಒಂದುಗೂಡಿಸಿತು. ಫಿನ್ಲೆಂಡ್ 2023ರಲ್ಲಿ, ಸ್ವೀಡನ್ 2024ರಲ್ಲಿ ನೇಟೊ ಕೂಟವನ್ನು ಸೇರಿದವು. 2024ರ ಮಾರ್ಚ್‌ನಲ್ಲಿ ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳ ಉತ್ತರ ಭಾಗದಲ್ಲಿ ನಡೆದ ಸಮರಾಭ್ಯಾಸದಲ್ಲಿ 13 ದೇಶಗಳ 20,000ಕ್ಕೂ ಹೆಚ್ಚು ಸೈನಿಕರು ಪಾಲ್ಗೊಂಡರು.

ಯಾರ ಬಳಿ ಎಷ್ಟು ವಿಮಾನ, ಎಷ್ಟು ಟ್ಯಾಂಕ್ ಇವೆ ಎಂಬುದು ಈ ಅಂಕಣದ ವಿಷಯವಲ್ಲ. ವೈದ್ಯನ ದೃಷ್ಟಿಯಲ್ಲಿ ಇಲ್ಲಿನ ಸೇನಾಬಲದ ಲೆಕ್ಕವೇ ಬೇರೆ. ಸೈನ್ಯ ನಡೆಯುವುದು ಹೊಟ್ಟೆಯ ಮೇಲೆ ಎಂಬ ಮಾತಿದೆ. ಆರ್ಕ್ಟಿಕ್‌ನಲ್ಲಿ ಅದು ಒಣಗಿದ ಕಾಲುಚೀಲದ ಮೇಲೂ ನಡೆಯಬೇಕಾಗುತ್ತದೆ.

ಚಳಿಗೆ ದೇಹ ಒಗ್ಗುವುದಿಲ್ಲವೇ?

ಬಿಸಿಲಿಗೆ ನಮ್ಮ ದೇಹ ಬಹಳ ಚೆನ್ನಾಗಿ ಒಗ್ಗಿಕೊಳ್ಳುತ್ತದೆ. ಹತ್ತು-ಹದಿನಾಲ್ಕು ದಿನ ಬಿಸಿಲಿನಲ್ಲಿ ದುಡಿದರೆ ಬೆವರು ಬೇಗ ಬರುತ್ತದೆ, ಬೆವರಿನಲ್ಲಿ ಉಪ್ಪಿನ ನಷ್ಟ ಕಡಿಮೆಯಾಗುತ್ತದೆ. ಚಳಿಯ ವಿಷಯದಲ್ಲಿ ಹೀಗಾಗುವುದಿಲ್ಲ. ವರ್ಷಗಟ್ಟಲೆ ಹಿಮದಲ್ಲಿದ್ದರೂ ದೇಹದಲ್ಲಿ ಆಗುವ ಹೊಂದಾಣಿಕೆ ಅತ್ಯಲ್ಪ. ಮನುಷ್ಯ ಮೂಲತಃ ಉಷ್ಣವಲಯದ ಪ್ರಾಣಿ. ಚಳಿಯಲ್ಲಿ ಅವನು ಬದುಕುವುದು ಬಟ್ಟೆ, ಬೆಂಕಿ, ಆಹಾರ ಮತ್ತು ಅಭ್ಯಾಸಬಲದಿಂದ. ದೇಹ ಒಗ್ಗದಿದ್ದರೂ ಬುದ್ಧಿ ಒಗ್ಗಬೇಕು. ಹಿಮನಾಡಿನ ಸೇನಾ ತರಬೇತಿಯ ತಿರುಳೆಲ್ಲ ಇಷ್ಟೇ.

ಚಳಿ ತಗುಲಿದೊಡನೆ ದೇಹ ಎರಡು ಕೆಲಸ ಮಾಡುತ್ತದೆ. ಮೊದಲನೆಯದಾಗಿ, ಚರ್ಮದ ಮತ್ತು ಕೈಕಾಲುಗಳ ರಕ್ತನಾಳಗಳನ್ನು ಕುಗ್ಗಿಸಿ ಬಿಸಿ ರಕ್ತವನ್ನು ಹೃದಯ, ಮೆದುಳು, ಯಕೃತ್ತಿನಂಥ ಒಳ ಅಂಗಗಳಿಗೆ ಉಳಿಸುತ್ತದೆ. ಎರಡನೆಯದಾಗಿ, ನಡುಕ ಹುಟ್ಟಿಸಿ ಸ್ನಾಯುಗಳಿಂದ ಶಾಖ ತಯಾರಿಸುತ್ತದೆ. ಮನೆಯ ಯಜಮಾನ ಕಷ್ಟಕಾಲದಲ್ಲಿ ಹೊರಗಿನ ಖರ್ಚು ನಿಲ್ಲಿಸಿ ಅಡುಗೆಮನೆಯ ಖರ್ಚಿಗೆ ಹಣ ಉಳಿಸುವಂತೆ ಇದು. ಆದರೆ ಆ ಉಳಿತಾಯದ ಬೆಲೆ ತೆರುವುದು ಬೆರಳುಗಳು, ಮೂಗು, ಕಿವಿ ಮತ್ತು ಕೆನ್ನೆ.

ಹೈಪೋಥರ್ಮಿಯಾ ಮತ್ತು ಫ್ರಾಸ್ಟ್‌ಬೈಟ್

ದೇಹದ ಒಳ ಉಷ್ಣಾಂಶ ಸಾಮಾನ್ಯವಾಗಿ 37 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದು 35 ಡಿಗ್ರಿಗಿಂತ ಕೆಳಗಿಳಿದರೆ ಹೈಪೋಥರ್ಮಿಯಾ ಎನ್ನುತ್ತೇವೆ. 35ರಿಂದ 32ರವರೆಗೆ ನಡುಕ ಜೋರಾಗಿರುತ್ತದೆ. 32ಕ್ಕಿಂತ ಕೆಳಗಿಳಿದಂತೆ ನಡುಕ ನಿಲ್ಲತೊಡಗುತ್ತದೆ. ಅದನ್ನು ಗುಣವಾಗುತ್ತಿರುವ ಲಕ್ಷಣವೆಂದು ತಿಳಿದರೆ ಅಪಾಯ ತಪ್ಪಿದ್ದಲ್ಲ. 28ಕ್ಕಿಂತ ಕೆಳಗೆ ಹೃದಯದ ಲಯವೇ ತಪ್ಪಬಹುದು.

ರೋಗಿಗೆ ತನ್ನ ಸ್ಥಿತಿ ಗೊತ್ತಾಗದಿರುವುದು ಈ ತೊಂದರೆಯ ಕೆಟ್ಟ ಗುಣ. ಮೆದುಳೂ ತಣ್ಣಗಾಗುತ್ತಿರುವುದರಿಂದ ಮಾತು ತೊದಲುತ್ತದೆ, ಕೈ ತಡವರಿಸುತ್ತದೆ, ನಡಿಗೆ ತೂರಾಡುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ತೀರ ಕೊನೆಯ ಹಂತದಲ್ಲಿ ಕೆಲವರು ಮೈ ಸುಡುತ್ತಿದೆ ಎಂಬ ಭ್ರಮೆಯಿಂದ ಬಟ್ಟೆ ಬಿಚ್ಚಿ ಎಸೆಯುವುದುಂಟು. ಹಿಮದಲ್ಲಿ ಸತ್ತವರ ದೇಹಗಳು ಅರೆಬೆತ್ತಲಾಗಿ ಸಿಗುವುದಕ್ಕೆ ಇದೂ ಒಂದು ಕಾರಣ.

ಫ್ರಾಸ್ಟ್‌ಬೈಟ್ ಎಂದರೆ ಹಿಮಕಡಿತ. ಚರ್ಮ ಮತ್ತು ಅದರ ಕೆಳಗಿನ ಮಾಂಸದ ನೀರೇ ಹೆಪ್ಪುಗಟ್ಟುವುದು. ಮೊದಲು ಚುಚ್ಚಿದಂಥ ನೋವು, ಆಮೇಲೆ ಜೋಮು, ಕೊನೆಗೆ ಏನೂ ಇಲ್ಲ. ಚರ್ಮ ಮೇಣದಂತೆ ಬಿಳಿಚಿ ಗಟ್ಟಿಯಾಗುತ್ತದೆ. ನೋವು ನಿಂತಿತೆಂದು ಸಮಾಧಾನಪಟ್ಟ ಸೈನಿಕ ಆ ಬೆರಳನ್ನೇ ಕಳೆದುಕೊಳ್ಳಬಹುದು.

ಇದರಲ್ಲಿ ಗಾಳಿಯ ಪಾತ್ರ ದೊಡ್ಡದು. ಥರ್ಮಾಮೀಟರ್ ಮೈನಸ್ 20 ತೋರಿಸುತ್ತಿರುವಾಗ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 34ರಷ್ಟು ಕೊರೆಯುತ್ತದೆ. ಅಂಥ ಗಾಳಿಯಲ್ಲಿ ಮುಚ್ಚದ ಕೆನ್ನೆ ಹತ್ತರಿಂದ ಮೂವತ್ತು ನಿಮಿಷಗಳಲ್ಲಿ ಹೆಪ್ಪುಗಟ್ಟಬಹುದು. ಇನ್ನೊಂದು ಅಪಾಯ ಪೆಟ್ರೋಲ್, ಸೀಮೆಎಣ್ಣೆಗಳದ್ದು. ನೀರು ಗಡ್ಡೆಯಾಗುವ ಚಳಿಯಲ್ಲೂ ಪೆಟ್ರೋಲ್ ದ್ರವವಾಗಿಯೇ ಇರುತ್ತದೆ. ಮೈನಸ್ 40ರ ಪೆಟ್ರೋಲ್ ಬರಿಗೈ ಮೇಲೆ ಚೆಲ್ಲಿದರೆ ಕ್ಷಣಮಾತ್ರದಲ್ಲಿ ಹಿಮಕಡಿತವಾಗುತ್ತದೆ. ಆದ್ದರಿಂದ ವಾಹನಕ್ಕೆ ಇಂಧನ ತುಂಬುವುದು, ಸ್ಟೌ ಹಚ್ಚುವುದು ಕೂಡ ಅಲ್ಲಿ ಕೈಗವಸು ಹಾಕಿಕೊಂಡೇ ಕಲಿಯಬೇಕಾದ ವಿದ್ಯೆ.

ಅಟು ದ್ವೀಪದ ಪಾಠ

ತಯಾರಿಯಿಲ್ಲದೆ ಚಳಿಗೆ ಇಳಿದರೆ ಏನಾಗುತ್ತದೆ ಎಂಬುದಕ್ಕೆ ಎರಡನೆಯ ಮಹಾಯುದ್ಧದ ಒಂದು ಘಟನೆ ಸಾಕು. 1943ರ ಮೇ ತಿಂಗಳಲ್ಲಿ ಅಮೆರಿಕದ ಸೇನೆ ಅಲಾಸ್ಕಾದ ಅಲ್ಯೂಷಿಯನ್ ದ್ವೀಪಮಾಲೆಯ ತುದಿಯ ಅಟು ದ್ವೀಪವನ್ನು ಜಪಾನೀಯರಿಂದ ಬಿಡಿಸಿಕೊಳ್ಳಲು ಹೋಯಿತು. ಹೋದದ್ದು 7ನೇ ಇನ್‌ಫೆಂಟ್ರಿ ಡಿವಿಷನ್. ಅದಕ್ಕೆ ಸಿಕ್ಕಿದ್ದ ತರಬೇತಿ ಕ್ಯಾಲಿಫೋರ್ನಿಯಾದ ಮರುಭೂಮಿಯದು. ಕಾಲಿಗೆ ಚರ್ಮದ ಬೂಟು, ಮೇಲೆ ಮಂಜು, ಮಳೆ, ಕೆಳಗೆ ಕೆಸರು.

ಸುಮಾರು ಮೂರು ವಾರ ನಡೆದ ಆ ಕಾಳಗದಲ್ಲಿ ಅಮೆರಿಕದ 549 ಸೈನಿಕರು ಸತ್ತರು, 1,148 ಮಂದಿ ಗಾಯಗೊಂಡರು. ಚಳಿಯಿಂದಲೇ ಅಂಗಹಾನಿಗೆ ಒಳಗಾದವರು ಸುಮಾರು 1,200. ಗುಂಡು ಮತ್ತು ಬಾಂಬು ಎಷ್ಟು ಜನರನ್ನು ಗಾಯಗೊಳಿಸಿದವೋ ಹೆಚ್ಚುಕಡಿಮೆ ಅಷ್ಟೇ ಜನರನ್ನು ಒದ್ದೆ ಬೂಟು ಮಲಗಿಸಿತು.

ಮೇ ತಿಂಗಳಲ್ಲಿ ಅಟುವಿನ ಚಳಿ ಮೈನಸ್ 40 ಇರಲಿಲ್ಲ, ಸೊನ್ನೆಯ ಆಸುಪಾಸಿನಲ್ಲಿತ್ತು ಎಂಬುದನ್ನು ಗಮನಿಸಿ. ಕಾಲು ಗಂಟೆಗಟ್ಟಲೆ, ದಿನಗಟ್ಟಲೆ ಒದ್ದೆಯಾಗಿ ತಣ್ಣಗಿದ್ದರೆ, ಹೆಪ್ಪುಗಟ್ಟದೆಯೇ ನರ ಮತ್ತು ರಕ್ತನಾಳಗಳು ಕೆಡುತ್ತವೆ. ಇದಕ್ಕೆ ಟ್ರೆಂಚ್ ಫೂಟ್ ಎಂಬ ಹೆಸರು ಮೊದಲನೆಯ ಮಹಾಯುದ್ಧದ ಕಂದಕಗಳಿಂದ ಬಂದಿತು. ಗುಣವಾದ ಮೇಲೂ ವರ್ಷಗಟ್ಟಲೆ ಉರಿ, ಜೋಮು ಕಾಡಬಹುದು. ಒಣ ಚಳಿಗಿಂತ ಒದ್ದೆ ಚಳಿಯನ್ನು ಸೇನಾ ವೈದ್ಯರು ಹೆಚ್ಚು ಅನುಮಾನದಿಂದ ನೋಡುವುದು ಇದಕ್ಕಾಗಿಯೇ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ದೇಹದ ಶಾಖವನ್ನು ಎಳೆದುಕೊಳ್ಳುತ್ತದೆ.

ಫಿನ್ಲೆಂಡಿನವರ ಗುಟ್ಟು

ಇದಕ್ಕೆ ಎದುರಾದ ಉದಾಹರಣೆ ಫಿನ್ಲೆಂಡ್. 1939ರ ನವೆಂಬರ್ 30ರಿಂದ 1940ರ ಮಾರ್ಚ್ 13ರವರೆಗೆ ನಡೆದ ‘ಚಳಿಗಾಲದ ಯುದ್ಧ’ದಲ್ಲಿ ಆ ಪುಟ್ಟ ದೇಶ ದೈತ್ಯ ಸೋವಿಯತ್ ಸೇನೆಯನ್ನು ಎದುರಿಸಿತು. ಆರ್ಕ್ಟಿಕ್ ವೃತ್ತಕ್ಕೆ ತುಸು ದಕ್ಷಿಣದ ಸುವೊಮುಸ್ಸಾಲ್ಮಿ ಮತ್ತು ರಾತೆ ರಸ್ತೆಯಲ್ಲಿ 1940ರ ಜನವರಿ ಮೊದಲ ವಾರ ಸೋವಿಯತ್ತಿನ 44ನೇ ಡಿವಿಷನ್ ಛಿದ್ರವಾಯಿತು. ಅದು ಉಕ್ರೇನ್ ಕಡೆಯಿಂದ ಬಂದ ಪಡೆ. ಸ್ಕೀ ಮೇಲೆ ಓಡಾಡುವ ರೂಢಿ ಅದಕ್ಕಿರಲಿಲ್ಲ. ಆದ್ದರಿಂದ ಒಂದೇ ರಸ್ತೆಗೆ ಅಂಟಿಕೊಂಡು ತುಂಡುತುಂಡಾಗಿ ಸಿಕ್ಕಿಬಿತ್ತು.

ಫಿನ್ಲೆಂಡಿನ ಸೈನಿಕನ ಮೈ ಬೇರೆ ಮಣ್ಣಿನಿಂದ ಮಾಡಿದ್ದೇನಲ್ಲ. ಅವನಿಗೆ ಸ್ಕೀ ಇತ್ತು, ಹಿಮದಲ್ಲಿ ಕಾಣದಂತೆ ಬಿಳಿ ಹೊದಿಕೆ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಒಲೆಯಿರುವ ಗುಡಾರಕ್ಕೆ ಸರದಿಯಂತೆ ಮರಳಿ ಬಂದು ಬೆಚ್ಚಗಾಗಿ, ಕಾಲುಬಟ್ಟೆ ಒಣಗಿಸಿ, ಬಿಸಿ ಊಟ ಮಾಡುವ ವ್ಯವಸ್ಥೆ ಇತ್ತು. ಎದುರಾಳಿಯ ಅಡುಗೆ ಗಾಡಿಗಳನ್ನೇ ಅವರು ಗುರಿಯಿಟ್ಟು ಹೊಡೆಯುತ್ತಿದ್ದರು. ಹಸಿದ ದೇಹವನ್ನು ಚಳಿಯೇ ಸೋಲಿಸುತ್ತದೆಂದು ಅವರಿಗೆ ತಿಳಿದಿತ್ತು. ಇಂದಿಗೂ ಆ ದೇಶದ ಗಂಡುಮಕ್ಕಳಿಗೆ ಸೇನಾ ತರಬೇತಿ ಕಡ್ಡಾಯ. ಆರ್ಕ್ಟಿಕ್ ವೃತ್ತದ ಮೇಲಿರುವ ಸೊಡನ್‌ಕ್ಯುಲಾ ಎಂಬಲ್ಲಿ ಅದರ ಒಂದು ಬ್ರಿಗೇಡ್ ಹಿಮದ ನಡುವೆಯೇ ಕಲಿಯುತ್ತದೆ.

ಬಟ್ಟೆ, ಊಟ, ನೀರು

ಇಂದಿನ ಸೇನೆಗಳು ಪಾಲಿಸುವ ನಿಯಮಗಳು ಸರಳವಾಗಿವೆ. ದಪ್ಪನೆಯ ಒಂದೇ ಕೋಟಿಗಿಂತ ತೆಳುವಾದ ಮೂರು ಪದರಗಳು ಉತ್ತಮ. ಪದರಗಳ ನಡುವೆ ನಿಂತ ಗಾಳಿಯೇ ನಿಜವಾದ ಕಂಬಳಿ. ಮೈಗೆ ತಾಗುವ ಪದರ ಉಣ್ಣೆಯದು ಅಥವಾ ಬೆವರನ್ನು ಹೊರತಳ್ಳುವ ಕೃತಕ ನೂಲಿನದು ಇರಬೇಕು. ನಮಗೆ ಪ್ರಿಯವಾದ ಹತ್ತಿ ಬಟ್ಟೆ ಅಲ್ಲಿ ವೈರಿ. ಅದು ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಆದ್ದರಿಂದ ನಡೆಯಲು ಹೊರಡುವ ಮುನ್ನ ಒಂದು ಪದರ ಕಳಚಿ ತುಸು ಚಳಿಯಲ್ಲೇ ಹೊರಡಬೇಕು, ನಿಂತೊಡನೆ ಮತ್ತೆ ಹಾಕಿಕೊಳ್ಳಬೇಕು. ಹೊಸ ಸೈನಿಕರು ಇದನ್ನೇ ಮರೆತು ಬೆವರುತ್ತಾರೆ, ಆಮೇಲೆ ನಡುಗುತ್ತಾರೆ.

ಹಿಮದಲ್ಲಿ ಹೊರೆ ಹೊತ್ತು ನಡೆಯುವವನಿಗೆ ದಿನಕ್ಕೆ ಸುಮಾರು 4,500 ಕ್ಯಾಲೊರಿ ಬೇಕಾಗುತ್ತದೆ. ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವ ನಮ್ಮಂಥವರ ಊಟದ ಎರಡರಷ್ಟು ಇದು. ನೀರಿನ ಕೊರತೆಯಂತೂ ಅನೇಕರಿಗೆ ಹೊಳೆಯುವುದೇ ಇಲ್ಲ. ಒಣ ಗಾಳಿಯಿಂದಾಗಿ ಉಸಿರಿನೊಂದಿಗೆ ನೀರು ಹೋಗುತ್ತದೆ, ಚಳಿಗೆ ಮೂತ್ರ ಹೆಚ್ಚುತ್ತದೆ, ಬಾಯಾರಿಕೆ ಮಾತ್ರ ಆಗುವುದಿಲ್ಲ. ಸುತ್ತಲೂ ಹಿಮವಿದ್ದರೂ ಅದನ್ನು ಹಾಗೆಯೇ ತಿನ್ನುವಂತಿಲ್ಲ. ಸೊನ್ನೆ ಡಿಗ್ರಿಯ ಒಂದು ಗ್ರಾಂ ಹಿಮ ಕರಗಲು 80 ಕ್ಯಾಲೊರಿ ಶಾಖ ಬೇಕು (ಇದು ಭೌತಶಾಸ್ತ್ರದ ಸಣ್ಣ ಕ್ಯಾಲೊರಿ, ಊಟದ ಕ್ಯಾಲೊರಿಯ ಸಾವಿರದ ಒಂದು ಭಾಗ). ಆ ಶಾಖವನ್ನು ದೇಹದಿಂದ ಕೊಡುವ ಬದಲು ಸ್ಟೌವಿನಿಂದ ಕೊಡಬೇಕು. ಹೀಗೆ ಕುಡಿಯುವ ನೀರಿಗೂ ಇಂಧನ ಹೊರಬೇಕಾಗುತ್ತದೆ.

ಮದ್ಯ ಕುಡಿದರೆ ಮೈ ಬೆಚ್ಚಗಾಗುತ್ತದೆ ಎಂಬ ನಂಬಿಕೆ ತಪ್ಪು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ, ವಿವೇಕವನ್ನೂ ಮಂಕಾಗಿಸುತ್ತದೆ. ಬೀಡಿ, ಸಿಗರೇಟು ಬೆರಳಿನ ರಕ್ತನಾಳಗಳನ್ನು ಕುಗ್ಗಿಸಿ ಹಿಮಕಡಿತಕ್ಕೆ ದಾರಿ ಮಾಡುತ್ತವೆ.

ಒಬ್ಬರ ಮುಖ ಇನ್ನೊಬ್ಬರು ನೋಡಬೇಕು

ತನ್ನ ಕೆನ್ನೆಯ ಬಿಳಿ ಮಚ್ಚೆ ತನಗೆ ಕಾಣದು, ತನ್ನ ತೊದಲು ತನಗೆ ಕೇಳದು. ಆದ್ದರಿಂದ ಹಿಮದಲ್ಲಿ ಸೈನಿಕರು ಜೋಡಿಯಾಗಿರುತ್ತಾರೆ. ಆಗಾಗ ಒಬ್ಬರು ಇನ್ನೊಬ್ಬರ ಮೂಗು, ಕಿವಿ, ಕೆನ್ನೆ ನೋಡಬೇಕು. ರಾತ್ರಿ ಗುಡಾರದಲ್ಲಿ ಒಲೆ ಉರಿಯುತ್ತಿದ್ದರೆ ಒಬ್ಬ ಎಚ್ಚರವಿದ್ದು ಕಾಯಬೇಕು. ಬೆಂಕಿಯ ಭಯ ಒಂದು, ಕಣ್ಣಿಗೆ ಕಾಣದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲದ ಭಯ ಇನ್ನೊಂದು. ನಾರ್ವೆಯ ತರಬೇತಿಯಲ್ಲಿ ಸೈನಿಕರು ಹೆಪ್ಪುಗಟ್ಟಿದ ಕೆರೆಯಲ್ಲಿ ಕೊರೆದ ರಂಧ್ರಕ್ಕೆ ತಾವಾಗಿ ಇಳಿದು, ಸ್ಕೀ ಕೋಲುಗಳನ್ನು ಮಂಜುಗಡ್ಡೆಗೆ ಊರಿ ಮೇಲೆ ಬರುವುದನ್ನು ಕಲಿಯುತ್ತಾರೆ. ತಣ್ಣೀರು ತಗುಲಿದಾಗ ಉಸಿರು ಕಟ್ಟಿ ಗಾಬರಿಯಾಗುವ ಮೊದಲ ನಿಮಿಷವನ್ನು ದಾಟುವುದೇ ಅಲ್ಲಿನ ಪಾಠ.

ಇಷ್ಟೆಲ್ಲ ತಿಳಿದವರನ್ನೂ ಹಿಮ ಬಿಟ್ಟಿಲ್ಲ. 1986ರ ಮಾರ್ಚ್ 5ರಂದು ನಾರ್ವೆಯ ವಾಸ್‌ಡಾಲೆನ್‌ನಲ್ಲಿ ಸಮರಾಭ್ಯಾಸದ ನಡುವೆ ಹಿಮಕುಸಿತವಾಗಿ 16 ಸೈನಿಕರು ಸತ್ತರು. ತಿಂಗಳುಗಟ್ಟಲೆ ಕವಿದಿರುವ ಕತ್ತಲು ಮನಸ್ಸಿನ ಮೇಲೂ ಭಾರ ಹಾಕುತ್ತದೆ. ಅಲಾಸ್ಕಾದಲ್ಲಿ ಸೈನಿಕರ ಆತ್ಮಹತ್ಯೆಗಳು ಅಮೆರಿಕದ ಸೇನೆಗೆ ದೊಡ್ಡ ಚಿಂತೆಯಾಗಿದ್ದವು. ಜೊತೆಗಾರನ ಮೂಗನ್ನಷ್ಟೇ ಅಲ್ಲ, ಮನಸ್ಸನ್ನೂ ಗಮನಿಸಬೇಕೆಂಬುದನ್ನು ಅದು ತೋರಿಸಿತು.

ಗಾಯಗೊಂಡವನ ಪಾಡು

ಗಾಯವಾಗಿ ರಕ್ತ ಸುರಿಯುತ್ತಿರುವವನು ಬೇಗ ತಣ್ಣಗಾಗುತ್ತಾನೆ. ದೇಹ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ, ಇನ್ನೂ ಹೆಚ್ಚು ರಕ್ತ ಹೋಗುತ್ತದೆ. ಇದು ವಿಷವರ್ತುಲ. ಬೆಚ್ಚಗಿನ ಊರಿನಲ್ಲಿ ಬದುಕಬಹುದಾದ ಗಾಯಾಳು ಹಿಮದಲ್ಲಿ ಅದೇ ಗಾಯದಿಂದ ಸಾಯಬಹುದು. ಡ್ರಿಪ್ ಬಾಟಲಿಯ ದ್ರವ ಗಡ್ಡೆ ಕಟ್ಟುತ್ತದೆ. ಅದನ್ನು ವೈದ್ಯ ಸಹಾಯಕ ತನ್ನ ಅಂಗಿಯೊಳಗೆ ಇಟ್ಟುಕೊಂಡು ಕಾಪಾಡಬೇಕು. ಬ್ಯಾಟರಿಗಳು ಬೇಗ ಸಾಯುತ್ತವೆ. ಹಿಮಗಾಳಿಯಲ್ಲಿ ಹೆಲಿಕಾಪ್ಟರ್ ಹಾರದು. ಗಾಯಾಳುವನ್ನು ಬೆಚ್ಚಗೆ ಸುತ್ತಿ, ಜಾರುಬಂಡಿಯಲ್ಲಿ ಎಳೆದು, ದೂರದ ಆಸ್ಪತ್ರೆಗೆ ಮುಟ್ಟಿಸಲಾಗದ ಸೇನೆಯ ಬಳಿ ಎಷ್ಟು ಆಯುಧವಿದ್ದರೇನು?

ಆದರೂ ಕೈಚೆಲ್ಲಬಾರದು. 1999ರ ಮೇ ತಿಂಗಳಲ್ಲಿ ನಾರ್ವೆಯ ನಾರ್ವಿಕ್ ಬಳಿ ಆನಾ ಬೋಗೆನ್‌ಹೋಲ್ಮ್ ಎಂಬ ವೈದ್ಯೆ ಸ್ಕೀ ಮಾಡುವಾಗ ಹೊಳೆಯ ಮಂಜುಗಡ್ಡೆಯ ಕೆಳಗೆ 80 ನಿಮಿಷ ಸಿಕ್ಕಿಕೊಂಡರು. ಹೃದಯ ನಿಂತಿತ್ತು, ದೇಹದ ಉಷ್ಣಾಂಶ 13.7 ಡಿಗ್ರಿಗೆ ಇಳಿದಿತ್ತು. ಟ್ರೊಮ್ಸೊ ಆಸ್ಪತ್ರೆಯ ವೈದ್ಯರು ರಕ್ತವನ್ನು ಯಂತ್ರದ ಮೂಲಕ ಹೊರತೆಗೆದು ಬೆಚ್ಚಗೆ ಮಾಡಿ ಅವರನ್ನು ಬದುಕಿಸಿದರು. ಅವರು ಮತ್ತೆ ಅದೇ ವೃತ್ತಿಗೆ ಮರಳಿದರು. ತಣ್ಣಗಾದವರು ಬೆಚ್ಚಗಾದ ಮೇಲೂ ಜೀವ ತೋರದಿದ್ದರೆ ಮಾತ್ರ ಸತ್ತರೆನ್ನಬೇಕು ಎಂಬುದು ವೈದ್ಯರ ನಿಯಮ.

ಹಿಮದಿಂದ ಉಜ್ಜಬೇಡಿ

ನೆಪೋಲಿಯನ್ನನ ಸೇನಾ ಶಸ್ತ್ರವೈದ್ಯ ಲಾರೆ 1812ರ ರಷ್ಯಾ ದಂಡಯಾತ್ರೆಯಲ್ಲಿ, ಹೆಪ್ಪುಗಟ್ಟಿದ ಕಾಲನ್ನು ಬೆಂಕಿಗೆ ಒಡ್ಡಿದ ಸೈನಿಕರ ಕಾಲು ಕೊಳೆತದ್ದನ್ನು ಕಂಡ. ಆದ್ದರಿಂದ ಹಿಮದಿಂದಲೇ ಉಜ್ಜಬೇಕೆಂದು ಸಲಹೆ ಮಾಡಿದ. ಬೆಂಕಿ ಬೇಡವೆಂದದ್ದು ಸರಿ, ಹಿಮದಿಂದ ಉಜ್ಜುವುದು ತಪ್ಪು. ಆ ತಪ್ಪು ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಬೆಚ್ಚಗಿನ ನೀರಿನಲ್ಲಿ ಬೇಗ ಕರಗಿಸುವುದೇ ಸರಿಯಾದ ವಿಧಾನವೆಂಬುದನ್ನು ಅಲಾಸ್ಕಾದ ವೈದ್ಯ ವಿಲಿಯಂ ಮಿಲ್ಸ್ 1960ರ ಹೊತ್ತಿಗೆ ತೋರಿಸಿಕೊಟ್ಟರು. ತೀವ್ರ ಹಿಮಕಡಿತಕ್ಕೆ ಇಲೊಪ್ರೋಸ್ಟ್ ಎಂಬ ಔಷಧಿಗೆ ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ದೊರೆಯಿತು. ಇದು ರಕ್ತನಾಳಗಳನ್ನು ಹಿಗ್ಗಿಸಿ ಬೆರಳುಗಳನ್ನು ಉಳಿಸಲು ನೆರವಾಗುತ್ತದೆ.

ನಮಗೇಕೆ ಈ ಮಾತು?

ನಮ್ಮ ದೇಶಕ್ಕೆ ಆರ್ಕ್ಟಿಕ್ ಗಡಿ ಇಲ್ಲ. ಆದರೆ ಅದಕ್ಕೆ ಸಮನಾದ ಚಳಿಯೊಡನೆ ಆಮ್ಲಜನಕದ ಕೊರತೆಯೂ ಸೇರಿದ ಸಿಯಾಚಿನ್‌ನಲ್ಲಿ ನಮ್ಮ ಸೈನಿಕರು 1984ರಿಂದ ಇದ್ದಾರೆ. ಅಲ್ಲಿ ಗುಂಡಿಗಿಂತ ಹವೆಯೇ ಹೆಚ್ಚು ಜೀವಗಳನ್ನು ತೆಗೆದುಕೊಂಡಿದೆ. 2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದಲ್ಲಿ ಹಿಮದಡಿ ಸಿಲುಕಿದ ಹತ್ತು ಯೋಧರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಒಬ್ಬರು. ಆರು ದಿನಗಳ ನಂತರ ಅವರು ಜೀವಂತವಾಗಿ ಸಿಕ್ಕಾಗ ನಾಡೇ ಪ್ರಾರ್ಥಿಸಿತು. ಫೆಬ್ರವರಿ 11ರಂದು ಅವರು ತೀರಿಕೊಂಡರು. ಹಿಮನಾಡಿನ ಸೈನಿಕನ ಆರೋಗ್ಯ ನಮಗೆ ದೂರದ ಮಾತಲ್ಲ.

ಇಂದು ನಮ್ಮ ಮಕ್ಕಳು ಕೆನಡಾ, ಸ್ವೀಡನ್, ಫಿನ್ಲೆಂಡ್‌ಗಳಿಗೆ ಓದಲು, ದುಡಿಯಲು ಹೋಗುತ್ತಾರೆ. ಕುಟುಂಬಗಳು ಮನಾಲಿ, ಕಾಶ್ಮೀರ, ಲೇಹ್‌ಗಳಿಗೆ ಪ್ರವಾಸ ಹೋಗುತ್ತವೆ. ಸೈನಿಕರು ಕಷ್ಟಪಟ್ಟು ಕಲಿತದ್ದರಲ್ಲಿ ಇವಿಷ್ಟನ್ನು ನೆನಪಿಡಿ:

1. ಹತ್ತಿಯ ಬನಿಯನ್, ಜೀನ್ಸ್ ಹಿಮಕ್ಕೆ ಸಲ್ಲವು. ಪದರಪದರವಾಗಿ ಉಣ್ಣೆ ಧರಿಸಿ. ಕಾಲುಚೀಲ ಒದ್ದೆಯಾದ ತಕ್ಷಣ ಬದಲಿಸಿ. ಬೂಟು ಬಿಗಿಯಾಗಿರಬಾರದು.

2. ಬಾಯಾರದಿದ್ದರೂ ಬೆಚ್ಚಗಿನ ನೀರು, ಚಹಾ, ಸೂಪು ಕುಡಿಯಿರಿ. ಮದ್ಯ, ಸಿಗರೇಟು ಬೇಡ.

3. ಬೆರಳು ಬಿಳಿಚಿ ಜೋಮು ಹಿಡಿದರೆ ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಜೋಮು ಹಿಡಿದ ಚರ್ಮಕ್ಕೆ ಸುಟ್ಟದ್ದೂ ತಿಳಿಯದು. ಮನೆಯೊಳಗೆ ಬಂದು 37ರಿಂದ 39 ಡಿಗ್ರಿಯ ಬೆಚ್ಚಗಿನ ನೀರಿನಲ್ಲಿ, ಚರ್ಮ ಮೆತ್ತಗಾಗಿ ಕೆಂಪೇರುವವರೆಗೆ ಅದ್ದಿಡಿ. ಇನ್ನೊಬ್ಬರು ತಮ್ಮ ಮೊಣಕೈಯಿಂದ ನೀರಿನ ಬಿಸಿ ಪರೀಕ್ಷಿಸಲಿ. ಗುಳ್ಳೆ ಒಡೆಯಬೇಡಿ, ವೈದ್ಯರಿಗೆ ತೋರಿಸಿ.

4. ಕರಗಿಸಿದ ಮೇಲೆ ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಸುರಕ್ಷಿತ ಜಾಗ ತಲುಪುವವರೆಗೆ ಕರಗಿಸಬೇಡಿ. ಎರಡನೆಯ ಸಲದ ಹಾನಿ ಮೊದಲಿನದಕ್ಕಿಂತ ಹೆಚ್ಚು.

5. ತೊದಲುವ, ತಡವರಿಸುವ, ತೂರಾಡುವ ವ್ಯಕ್ತಿಯ ಒದ್ದೆ ಬಟ್ಟೆ ತೆಗೆದು, ಕೆಳಗೂ ಮೇಲೂ ಕಂಬಳಿ ಹಾಕಿ ಮಲಗಿಸಿ. ಎಚ್ಚರವಿದ್ದು ನುಂಗಬಲ್ಲವರಾದರೆ ಸಿಹಿಯಾದ ಬಿಸಿ ಪಾನೀಯ ಕೊಡಿ. ಒರಟಾಗಿ ಎಳೆದಾಡಬೇಡಿ, ತಣ್ಣಗಾದ ಹೃದಯ ಅದನ್ನು ತಾಳದು. ಕೂಡಲೇ ಆಸ್ಪತ್ರೆಗೆ ಸೇರಿಸಿ.

6. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗಬೇಡಿ.

7. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಚಳಿಗೆ ಬೆರಳು ಬಿಳಿಚುವ ತೊಂದರೆ ಇರುವವರು, ವೃದ್ಧರು ಮತ್ತು ಮಕ್ಕಳು ಹೆಚ್ಚು ಎಚ್ಚರ ವಹಿಸಬೇಕು. ಹೊರಡುವ ಮುನ್ನ ನಿಮ್ಮ ವೈದ್ಯರನ್ನು ಕಾಣಿ.

ಚಳಿಗೆ ಲಸಿಕೆಯಿಲ್ಲ, ನುಂಗಲು ಮಾತ್ರೆಯಿಲ್ಲ. ಒಣ ಕಾಲುಚೀಲ, ಹೊಟ್ಟೆತುಂಬ ಬಿಸಿ ಊಟ, ಪಕ್ಕದವರ ಮುಖ ನೋಡುವ ಒಬ್ಬ ಜೊತೆಗಾರ, ಇವೇ ಅದರ ಮದ್ದು. ಧ್ರುವದ ಅಂಚಿನಲ್ಲಿ ಕಾವಲಿರುವ ಯಾವ ದೇಶದ ಸೈನಿಕನಾದರೂ ಹತ್ತು ಕೈಬೆರಳು, ಹತ್ತು ಕಾಲ್ಬೆರಳುಗಳೊಂದಿಗೆ ತಾಯಿಯ ಬಳಿಗೆ ಮರಳಿದರೆ ಅವನ ಸೇನೆ ಚಳಿಯನ್ನು ಗೆದ್ದಿತೆಂದು ತಿಳಿಯಬಹುದು.